ಛೀ ಅನ್ನಿಸಿಕೊಂಡ ಊರು

ಗುಂಡ್ಲುಪೇಟೆ

ನನ್ನ ಅಂಗಡಿಗೆ ಬಂದು ಯಾರಾದರೂ ನನ್ನ ಮುಖಕ್ಕೇ ‘ಛೀ’ ಅಂದಿದ್ದರೆ ಅವರ ರವಿಕೆಗೆ ಈ ಜನ್ಮದಲ್ಲಿ ಹುಕ್ಸು ಬೀಳುತ್ತಿರಲಿಲ್ಲ. ಅಂಥ ನಾನು ವಿಯೆಟ್ನಾಮಿಗೆ ಹೋಗಿ, ಗುರುತು ಪರಿಚಯ ಇಲ್ಲದವರಿಂದ ಗಳಿಗೆಗೊಂದು ಸಲ ಛೀ ಅನ್ನಿಸಿಕೊಂಡು, ಕೊನೆಗೆ ಹಾಗೆ ಅಂದವರನ್ನು ಬಿಟ್ಟು ಬರಲು ಮನಸ್ಸಿಲ್ಲದೆ ಬಂದೆ. ನೋಡಬೇಕಾದ ಜಾಗಗಳಲ್ಲಿ ಮುಕ್ಕಾಲು ಪಾಲು ನಾನು ನೋಡಲೇ ಇಲ್ಲ. ಆದ್ದರಿಂದ ಇದನ್ನು ಓದಿಕೊಂಡು ಯಾರೂ ಟಿಕೆಟ್ ಮಾಡಿಸಬೇಡಿ.

ಹೆದ್ದಾರಿ ಪಕ್ಕ ನನ್ನದೊಂದು ಟೈಲರಿಂಗ್ ಅಂಗಡಿ. ಕೇರಳಕ್ಕೆ ಈರುಳ್ಳಿ ಹೊತ್ತು ಹೋಗುವ ಲಾರಿಗಳ ಧೂಳಿನಲ್ಲೇ ಕೂತು ಊರಿನ ಅರ್ಧ ಹೆಂಗಸರ ರವಿಕೆ ಹೊಲಿದಿದ್ದೇನೆ. ಒಂದು ದಿನ ಅಳತೆ ಕೊಡಲು ಬಂದ ಟೀಚರೊಬ್ಬರು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ವಿಯೆಟ್ನಾಮಿನಲ್ಲಿ ಹೋಯಿ ಆನ್ ಅಂತ ಊರು. ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಟೈಲರ್ ಅಂಗಡಿಗಳೇ. ಇವತ್ತು ಅಳತೆ ಕೊಟ್ಟರೆ ನಾಳೆಗೆ ಕೋಟು ರೆಡಿಯಂತೆ. ಒಂದು ರವಿಕೆಗೆ ಹತ್ತು ಸಲ ‘ನಾಳೆ ಬನ್ನಿ’ ಅನ್ನುವವಳು ನಾನು, ಹೇಗೆ ನಂಬಲಿ? ಕಣ್ಣಾರೆ ನೋಡಿಯೇ ಬರಬೇಕು ಅಂತ ಹಟ ಹತ್ತಿಬಿಟ್ಟಿತು. ಮೈಸೂರಿನಿಂದ ಒಂದು ಪ್ರವಾಸದ ಗುಂಪು ಹೊರಡುವುದು ಗೊತ್ತಾಗಿ ಹೆಸರು ಕೊಟ್ಟೆ.

ಸುದ್ದಿ ಹರದನಹಳ್ಳಿಗೆ ಮುಟ್ಟಿತು. ಅಲ್ಲಿರುವುದು ನನ್ನ ವಾರಗಿತ್ತಿ ಮಹದೇವಮ್ಮ, ಅಂದರೆ ನನ್ನ ಯಜಮಾನರ ಅಣ್ಣನ ಹೆಂಡತಿ. ಅರಿಸಿನ, ಬಾಳೆ ಬೆಳೆಸಿಕೊಂಡಿರುವ ಗಟ್ಟಿ ಹೆಂಗಸು. ನಾನು ಅಕ್ಕ ಅನ್ನುತ್ತೇನೆ. ಮಾರನೇ ದಿನವೇ ಬಸ್ಸಿಳಿದು ಅಂಗಡಿಗೆ ಬಂದಳು.

“ಒಬ್ಳೆ ಎಂಗಮ್ಮಿ ಓದಿಯೆ? ಗೋಪಾಲಸ್ವಾಮಿ ಬೆಟ್ಟಕ್ಕೇ ನಾವು ಒಬ್ರೊಬ್ರೆ ಓಗಲ್ಲ. ನಾನೂ ಬತ್ತಿನಿ ಬುಡು.”

“ಅಕ್ಕ, ಗುಂಪಲ್ಲಿ ಬೇಕಾದಷ್ಟು ಜನ ಇರ್ತಾರೆ” ಅಂದೆ.

“ಗುಂಪು ಬ್ಯಾರೆ, ಜೊತೆ ಬ್ಯಾರೆ ಕಣಮ್ಮಿ” ಅಂದಳು. ಅಲ್ಲಿಗೆ ಮಾತು ಮುಗಿಯಿತು. ಹುರಿಹಿಟ್ಟು, ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ವಿಭೂತಿ ಗಟ್ಟಿ ಎಲ್ಲ ಕಟ್ಟಿಕೊಂಡು ಹೊರಟೆವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಆ ವಿಭೂತಿ ಗಟ್ಟಿಯನ್ನು ಹಿಡಿದುಕೊಂಡು ಸೆಕ್ಯುರಿಟಿಯವರು ಇದೇನು ಅಂತ ಕೇಳಿದಾಗ ಅಕ್ಕ ಹಣೆ ಮುಂದೆ ಮಾಡಿ ತೋರಿಸಿದಳು. ಆತ ನಕ್ಕು ಬಿಟ್ಟುಕಳಿಸಿದ.

ಹೋಯಿ ಆನ್

ವಿಡಿಯೋ ಸುಳ್ಳು ಹೇಳಿರಲಿಲ್ಲ. ಹಳದಿ ಗೋಡೆಯ ಹಳೇ ಮನೆಗಳು, ಬೀದಿಗೆ ಅಡ್ಡಲಾಗಿ ಕಟ್ಟಿದ ಬಣ್ಣದ ಬಟ್ಟೆಯ ದೀಪಗಳು, ಅವುಗಳ ಕೆಳಗೆ ಸಾಲು ಸಾಲು ಟೈಲರ್ ಅಂಗಡಿ. ನಾನು ನದಿ ನೋಡಲಿಲ್ಲ, ಸೇತುವೆ ನೋಡಲಿಲ್ಲ. ಬೊಂಬೆಗೆ ಹಾಕಿದ್ದ ಕೋಟಿನ ಒಳಗಡೆ ಕೈಹಾಕಿ ಹೊಲಿಗೆ ನೋಡಿದೆ. ಒಳಗೂ ಹೊರಗಿನಷ್ಟೇ ಚೊಕ್ಕ. ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

ಒಂದು ಅಂಗಡಿಯ ಒಡತಿ ಅಕ್ಕನನ್ನು ಕನ್ನಡಿ ಮುಂದೆ ನಿಲ್ಲಿಸಿಕೊಂಡು ಅಳತೆ ತೆಗೆಯತೊಡಗಿದಳು. ಅಕ್ಕನಿಗೆ ಬಟ್ಟೆ ಬೇಕಿರಲಿಲ್ಲ, ಕೈ ಅಗಲಿಸು ಅಂದರೆ ಅಗಲಿಸಿಕೊಂಡು ಮಜಾ ತೆಗೆದುಕೊಳ್ಳುತ್ತಿದ್ದಳು. ಟೇಪು ಸೊಂಟಕ್ಕೆ ಸುತ್ತಿದ್ದೇ ತಡ, ಬಲಗಡೆ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದಳು. ಮುಖ ಬಿಳಿಚಿಹೋಗಿತ್ತು. ಹಿಂದಿನ ದಿನದಿಂದಲೇ ನೋವಿತ್ತಂತೆ. ಪ್ರವಾಸ ಕೆಡುತ್ತದೆ ಅಂತ ಹುರಿಹಿಟ್ಟು ಕಲಸಿ ತಿಂದು ಸುಮ್ಮನಿದ್ದಳಂತೆ.

ನಮ್ಮ ಗುಂಪಿನ ಗೈಡ್ ತುವಾನ್, ನಲವತ್ತರ ಗಂಡಸು, ಓಡಿಬಂದ. ಅಂಗಡಿಯವಳು ಗಿರಾಕಿಗಳನ್ನು ಹಾಗೇ ಬಿಟ್ಟು ತನ್ನ ಕಾರಿನಲ್ಲೇ ನಮ್ಮನ್ನು ದಾ ನಾಂಗ್ ಎಂಬ ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವಳ ಹೆಸರು ಏನು ಅಂತ ಕೇಳಲೂ ನನಗೆ ತೋಚಲಿಲ್ಲ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಲೇ ಇತ್ತು, ಅದೊಂದು ನೆನಪಿದೆ.

ದಾ ನಾಂಗ್

ಅಪೆಂಡಿಕ್ಸ್ ಒಡೆದಿತ್ತು. ತಕ್ಷಣ ಆಪರೇಷನ್ ಆಗಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ ಅಂತ ತುವಾನ್ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ.

ಆಪರೇಷನ್ನಿಗೆ ಮುಂಚೆ ಮೈಮೇಲಿನ ಒಡವೆಯೆಲ್ಲ ತೆಗೆಯಬೇಕಲ್ಲ. ಅಕ್ಕ ಬಳೆ ತೆಗೆದಳು, ಓಲೆ ತೆಗೆದಳು, ತಾಳಿಯನ್ನೂ ನನ್ನ ಕೈಗೆ ಕೊಟ್ಟಳು. ಆದರೆ ನರ್ಸು ಎದೆ ಮೇಲಿನ ಬೆಳ್ಳಿ ಕರಡಿಗೆಗೆ ಕೈ ಹಾಕಿದಾಗ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಳು. ಅದರಲ್ಲಿ ಇಷ್ಟಲಿಂಗ ಇದೆ. ಮದುವೆಗೂ ಮುಂಚಿನಿಂದ ಅದು ಅವಳ ಮೈ ಬಿಟ್ಟಿದ್ದೇ ಇಲ್ಲ. “ಪ್ರಾಣ ಬೇಕಾರೆ ಓಗ್ಲಿ, ಇದು ಓಗಕಿಲ್ಲ” ಅಂದಳು. ನಾನು ಯಾವ ಭಾಷೆಯಲ್ಲಿ ಹೇಳಲಿ? ಕೈ ಮುಗಿದೆ ಅಷ್ಟೆ. ನರ್ಸು ಒಂದು ಕ್ಷಣ ಅಕ್ಕನ ಮುಖ ನೋಡಿದಳು. ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದಳು. ಆಮೇಲೆ ಲಿಂಗವನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಮಗುವನ್ನು ಸುತ್ತುವ ಹಾಗೆ ಸುತ್ತಿ, ಅಕ್ಕನ ಎಡ ಮುಂಗೈಗೇ ಕಟ್ಟಿ ಪ್ಲಾಸ್ಟರ್ ಹಾಕಿದಳು. ಆ ತಾಯಿ ಹೊಟ್ಟೆ ತಣ್ಣಗಿರಲಿ.

ಆಪರೇಷನ್ ಮುಗಿಯಿತು. ಗುಂಪು ಮುಂದಿನ ಊರಿಗೆ ಹೊರಡಲೇಬೇಕಿತ್ತು. ತುವಾನ್ ಕೂಡ ಅವರ ಜೊತೆ ಹೋಗಬೇಕಿತ್ತು. ಏನೇ ಬೇಕಾದರೂ ಫೋನ್ ಮಾಡಿ ಅಂತ ಹಿಂದೆ ತಿರುಗಿ ತಿರುಗಿ ನೋಡುತ್ತಾ ಹೋದ. ಖರ್ಚಿನ ತಲೆನೋವನ್ನು ಪ್ರವಾಸದ ವಿಮೆ ನೋಡಿಕೊಂಡಿತು. ಉಳಿದ ತಲೆನೋವಿಗೆ ನಾನೊಬ್ಬಳೇ ಉಳಿದೆ.

ಊರಿಂದ ಫೋನ್ ಶುರುವಾಯಿತು. ಯಜಮಾನರು, ಭಾವ, ನಾದಿನಿ, ಅವಳ ಬೀಗರು. ಎಲ್ಲರದೂ ಒಂದೇ ಪ್ರಶ್ನೆ: “ಜೊತೆಗ್ಯಾರವ್ರೆ?” ಆಪರೇಷನ್ ಹೇಗಾಯಿತು ಅನ್ನುವುದು ಆಮೇಲೆ. ಚಾಮರಾಜನಗರದ ಆಸ್ಪತ್ರೆಯಾಗಿದ್ದರೆ ನರ್ಸು ಬಾಗಿಲಿಗೆ ಬಂದು “ಪೇಷಂಟ್ ಕಡೆಯೋರು ಯಾರ್ರೀ?” ಅಂತ ಕೂಗಿದರೆ ಒಂದು ವ್ಯಾನಿಗಾಗುವಷ್ಟು ಜನ ಎದ್ದು ನಿಲ್ಲುತ್ತಿದ್ದರು. ಒಬ್ಬರ ಕೈಯಲ್ಲಿ ಫ್ಲಾಸ್ಕು, ಒಬ್ಬರ ಕೈಯಲ್ಲಿ ಬ್ರೆಡ್ಡು, ಒಬ್ಬರು ಸುಮ್ಮನೆ ಬಂದವರು. ಆ ಸುಮ್ಮನೆ ಬಂದವರ ಬೆಲೆ ನನಗೆ ಅವತ್ತು ಗೊತ್ತಾಯಿತು. “ನಾನೊಬ್ಳೆ ಅವ್ನಿ” ಅಂತ ಭಾವನಿಗೆ ಹೇಳಿದೆ. “ನಾವು ಬತ್ತೀವಿ, ಎಲ್ಲಿಂದ ಬಸ್ಸತ್ಬೇಕು ಏಳು” ಅಂದರು. ಅಳುವೂ ನಗುವೂ ಒಟ್ಟಿಗೆ ಬಂತು.

ಎರಡನೇ ಮಹಡಿಯ ವಾರ್ಡು

ವಾರ್ಡಿನೊಳಕ್ಕೆ ಕಾಲಿಟ್ಟರೆ ನಮ್ಮೂರ ಆಸ್ಪತ್ರೆಗೇ ಬಂದ ಹಾಗಿತ್ತು. ಪ್ರತಿ ಹಾಸಿಗೆಯ ಕೆಳಗೆ ಒಂದು ಪ್ಲಾಸ್ಟಿಕ್ ಬಕೆಟ್ಟು, ಪಕ್ಕದಲ್ಲಿ ಚಾಪೆ, ಚಾಪೆಯ ಮೇಲೆ ರೋಗಿಯ ಮನೆಯವರು. ಒಬ್ಬರು ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದರೆ ಇನ್ನೊಬ್ಬರು ಹಣ್ಣು ಹೆಚ್ಚುತ್ತಿದ್ದರು. ಫಾರಿನ್ ಅಂದರೆ ಗಾಜಿನ ಬಾಗಿಲು, ಗಂಟೆ ನೋಡಿ ಒಳಗೆ ಬಿಡುವುದು ಅಂದುಕೊಂಡಿದ್ದ ನನಗೆ ಸಮಾಧಾನವಾಯಿತು. ಚಾಪೆ ಇರಲಿಲ್ಲ, ಅಕ್ಕನ ಸೀರೆಯೊಂದನ್ನು ಮಡಿಸಿ ಹಾಸಿಕೊಂಡು ಕೂತೆ.

ಆಗಲೇ ಪಕ್ಕದ ಹಾಸಿಗೆಯಿಂದ ಒಂದು ದನಿ ಬಂತು. “ಛೀ, ಓಯ್.”

ತಿರುಗಿ ನೋಡಿದೆ. ಇಳಿಭುಜದ, ತೆಳ್ಳಗಿನ ಹೆಂಗಸು. ತೋಳು ಸಡಿಲವಾದ ಹೂವಿನ ಅಂಗಿ. ಹಾಸಿಗೆಯ ಮೇಲೆ ಅವಳ ಮುದಿ ತಾಯಿ. ನಾನು ಅವಳ ಜಾಗಕ್ಕೆ ಬಂದೆನೇನೋ ಅಂತ ಸೀರೆಯನ್ನು ಈಚೆ ಎಳೆದುಕೊಂಡೆ. “ಛೀ, ಓಯ್” ಅಂತ ಮತ್ತೆ ಅಂದಳು. ಇನ್ನೂ ಈಚೆ ಎಳೆದುಕೊಂಡೆ. ಅಕ್ಕನ ಹಣೆಗೆ ವಿಭೂತಿ ಹಚ್ಚಿದೆ, “ಛೀ” ಅಂದಳು. ತಟ್ಟೆ ತೊಳೆಯಲು ಹೊರಟೆ, ಹಿಂದಿಂದಲೇ “ಛೀ, ಓಯ್”. ಛೀ ಒಂದನ್ನಾದರೂ ನುಂಗಿಕೊಳ್ಳಬಹುದು, ಮೇಲೆ ದನ ಕರೆಯುವ ಹಾಗೆ ಓಯ್ ಬೇರೆ. ನಮ್ಮೂರಾಗಿದ್ದರೆ ಸೆರಗು ಬಿಗಿದು ನಿಲ್ಲುತ್ತಿದ್ದೆ. ಇಲ್ಲಿ ನನ್ನ ಪರವಾಗಿ ಮಾತಾಡುವವರು ಯಾರಿದ್ದಾರೆ ಅಂತ ಗೋಡೆ ಕಡೆ ಮುಖ ಮಾಡಿಕೊಂಡು ಕೂತೆ. ಅಷ್ಟು ಒಂಟಿಯಾಗಿ ನಾನು ಯಾವತ್ತೂ ಕೂತಿರಲಿಲ್ಲ.

ಬೆಳಿಗ್ಗೆ ಅವಳೇ ಎದುರಿಗೆ ಬಂದು ನಿಂತಳು. “ಚಾಯ್?” ಅಂದಳು. ಛೀ ಅಂದ ಬಾಯಲ್ಲೇ ಟೀ ಬೇಕಾ ಅಂತ ಕೇಳುತ್ತಿದ್ದಾಳಲ್ಲ ಅಂತ ಆಶ್ಚರ್ಯವಾಯಿತು. ಟೀ ಕಂಡು ಯಾವ ಕಾಲವಾಗಿತ್ತೋ, ಸಿಟ್ಟು ಬದಿಗಿಟ್ಟು ಜೋರಾಗಿ ತಲೆ ಆಡಿಸಿದೆ. ನನ್ನ ಕೈಯಿಂದ ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗಿ ಅದರ ತುಂಬ ಬಿಸಿಬಿಸಿ ಅನ್ನದ ಗಂಜಿ ತಂದಳು! ಅಣಬೆ, ಕ್ಯಾರೆಟ್ ಹಾಕಿದ ಗಂಜಿ. ಫೋನಿನಲ್ಲಿ ಭಾಷೆ ತಿರುಗಿಸುವ ಆ್ಯಪ್ ಇರುವುದು ಆಗ ನೆನಪಾಗಿ ತೆಗೆದೆ. ಅವರಲ್ಲಿ ‘ಚಾಯ್’ ಅಂದರೆ ಸಸ್ಯಾಹಾರ. ನಾನು ಊಟದ ತಟ್ಟೆ ಮುಟ್ಟದೆ ಹುರಿಹಿಟ್ಟು ಕಲಸುತ್ತಿದ್ದುದನ್ನು ಅವಳು ಗಮನಿಸಿದ್ದಳು. ಬೆಳಗಾದರೆ ಆಸ್ಪತ್ರೆಯ ಅಂಗಳಕ್ಕೆ ಬುದ್ಧನ ಗುಡಿಯವರು ಬಂದು ರೋಗಿಗಳ ಕಡೆಯವರಿಗೆಲ್ಲ ಗಂಜಿ ಹಂಚುತ್ತಾರಂತೆ. ಅಕ್ಕನೊಬ್ಬಳನ್ನೇ ಬಿಟ್ಟು ನಾನು ಇಳಿದು ಹೋಗಲಾರೆ ಅಂತ ಅವಳು ಎರಡು ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದಳು.

ಹೊಟ್ಟೆ ತುಂಬಿದ ಮೇಲೆ ಧೈರ್ಯ ಬಂತು. ನೀನು ನನ್ನನ್ನು ಛೀ ಅನ್ನುವುದು ಯಾಕೆ ಅಂತ ಫೋನಿನಲ್ಲಿ ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಅಂಗೈ ಮೇಲೆ ಬೆರಳಿನಿಂದ ತನ್ನ ವಯಸ್ಸು ಬರೆದು ತೋರಿಸಿ, ನನ್ನದು ಕೇಳಿದಳು. ಬರೆದೆ. ನಾನು ದೊಡ್ಡವಳು. ತೃಪ್ತಿಯಿಂದ ತಲೆಯಾಡಿಸಿ ಫೋನಿಗೆ ಏನೋ ಹೇಳಿದಳು. ಫೋನು ರೇಡಿಯೋ ವಾರ್ತೆ ಓದುವವರ ಕನ್ನಡದಲ್ಲಿ ನುಡಿಯಿತು: “ನೀವು ನನ್ನ ಹಿರಿಯ ಸಹೋದರಿ ಆಗಿರುವಿರಿ.”

ಅವರಲ್ಲಿ ‘ಚಿ’ ಅಂದರೆ ಅಕ್ಕ. ‘ಓಯ್’ ಅನ್ನುವುದು ಪ್ರೀತಿಯಿಂದ ಕರೆಯುವ ರೀತಿ, ನಮ್ಮ ‘ಅಕ್ಕೋ’ ಇದ್ದ ಹಾಗೆ. ಬಂದಾಗಿನಿಂದ ಅವಳು ತನ್ನ ಚಾಪೆಯಲ್ಲಿ ನನಗೆ ಜಾಗ ಬಿಟ್ಟುಕೊಂಡು ಅಕ್ಕೋ, ಅಕ್ಕೋ ಅಂತ ಕರೆಯುತ್ತಿದ್ದಳು. ನಾನು ಗೋಡೆ ನೋಡುತ್ತಿದ್ದೆ. ಹಾಸಿಗೆ ಮೇಲಿದ್ದ ಅಕ್ಕನಿಗೆ ಇದನ್ನು ಹೇಳಿದರೆ ಹೊಲಿಗೆ ಹಿಡಿದುಕೊಂಡು ನಕ್ಕಳು. “ಬೈದ್ರು ಅಂತ ಮುಖ ಊದಿಸ್ಕಂಡ್ಯಲ್ಲ, ನಗಿಸ್ಬ್ಯಾಡ ಕಣಮ್ಮಿ, ನೋಯ್ತದೆ.”

ಅವಳ ಹೆಸರು ಲಾನ್. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಾಳೆ. ತಮ್ಮ ಜಪಾನಿನಲ್ಲಿ ಕೆಲಸಕ್ಕಿದ್ದಾನೆ. ತಾಯಿಯ ಪಿತ್ತಕೋಶದಲ್ಲಿ ಕಲ್ಲು. ಸಕ್ಕರೆ ಕಾಯಿಲೆ ಹತೋಟಿಗೆ ಬಾರದೆ ಆಪರೇಷನ್ ಮುಂದೆ ಹೋಗುತ್ತಿತ್ತು. ನನಗಿಂತ ಹೆಚ್ಚು ಒಂಟಿ ಅವಳೇ. ಆದರೂ ವಾರ್ಡಿನವರ ಜೊತೆ ಅವಳು ಹೇಗಿದ್ದಳು ಅಂದರೆ, ಯಾರು ಯಾರ ಕಡೆಯವರು ಅಂತ ನನಗೆ ಕಡೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಅವಳು ಗಂಜಿಗೆ ಹೋದರೆ ಎದುರು ಹಾಸಿಗೆಯ ಮುದುಕರ ಹೆಂಡತಿ ಬಂದು ಅವಳ ತಾಯಿಯನ್ನು ನೋಡಿಕೊಳ್ಳುತ್ತಿದ್ದಳು. ಆ ಅಜ್ಜಿ ಸ್ನಾನಕ್ಕೆ ಹೋದರೆ ಮುದುಕರಿಗೆ ಲಾನ್ ನೀರು ಕುಡಿಸುತ್ತಿದ್ದಳು. ನಾನೂ ಆ ಸರದಿಯಲ್ಲಿ ಸೇರಿಕೊಂಡೆ. ಮುದುಕರ ಪೈಜಾಮದ ಸೊಂಟ ಸಡಿಲವಾಗಿತ್ತು, ನನ್ನ ಚೀಲದಲ್ಲಿ ಸೂಜಿ ದಾರ ಇದ್ದೇ ಇರುತ್ತದೆ, ಹಿಡಿಸಿ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ನನ್ನ ಸೀರೆಯ ಮೇಲೆ ಗುಂಡಿ ಕಿತ್ತ ಅಂಗಿಗಳ ಗುಡ್ಡೆ ಬಿತ್ತು. ಊರಲ್ಲೇ ಇದ್ದ ಹಾಗಾಯಿತು.

ಯಜಮಾನರು ಮತ್ತೆ ಫೋನ್ ಮಾಡಿ “ಜೊತೆಗ್ಯಾರವ್ರೆ?” ಅಂದರು. “ಬೇಕಾದಂಗೆ ಜನ ಅವ್ರೆ. ನೀವು ನಿಮ್ ಮಂಡಿ ವ್ಯಾಪಾರ ನೋಡ್ಕಳಿ” ಅಂದೆ.

ಗಾಳಿ

ಕಷ್ಟ ಅಷ್ಟಕ್ಕೇ ಮುಗಿಯಲಿಲ್ಲ. ಹೊಟ್ಟೆ ಆಪರೇಷನ್ ಆದವರಿಗೆ ಕರುಳು ಮತ್ತೆ ಆಡಬೇಕು, ಗಾಳಿ ಹೋಗಬೇಕು; ಅಲ್ಲಿಯವರೆಗೆ ಹೊಟ್ಟೆಗೆ ಏನೂ ಕೊಡುವುದಿಲ್ಲ. ಅಕ್ಕ ಒಂದೆರಡು ಚಮಚ ಹುರಿಹಿಟ್ಟಿನ ನೀರು ಕುಡಿಯುತ್ತೇನೆ ಅಂದಾಗ ನಾನು ಕಲಸಿದ್ದನ್ನು ನರ್ಸು ಕಿತ್ತು ಆಚೆ ಇಟ್ಟಿದ್ದಳು. ಡಾಕ್ಟರು ಬಂದು ಫೋನಿಗೆ ಏನೋ ಹೇಳಿದರು. ಫೋನು ಕೇಳಿತು: “ರೋಗಿಯು ಅನಿಲವನ್ನು ಬಿಡುಗಡೆ ಮಾಡಿದ್ದಾರೆಯೇ?” ಅಕ್ಕ ನನ್ನ ಮುಖ ನೋಡಿದಳು. “ಯಾವ ಸಿಲಿಂಡ್ರು ಕೇಳ್ತಾವ್ರಮ್ಮಿ?”

ನಗು ಬಹಳ ಹೊತ್ತು ಉಳಿಯಲಿಲ್ಲ. ಮಾರನೇ ದಿನವೂ ಗಾಳಿ ಹೋಗಲಿಲ್ಲ. ಹೊಟ್ಟೆ ತಮಟೆಯಂತೆ ಬಿಗಿಯಿತು, ವಾಂತಿ ಶುರುವಾಯಿತು. ಡಾಕ್ಟರ ಹುಬ್ಬು ಗಂಟಿಕ್ಕಿತು. ಹೀಗೇ ಆದರೆ ಮತ್ತೆ ಹೊಟ್ಟೆ ತೆರೆದು ನೋಡಬೇಕಾಗುತ್ತದೆ ಅಂತ ತುವಾನ್ ಫೋನಿನಲ್ಲಿ ಕೇಳಿಕೊಂಡು ನನಗೆ ತಿಳಿಸಿದ. ನಾನು ಮೆಟ್ಟಿಲ ಮೇಲೆ ಹೋಗಿ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ನನ್ನ ಹಟಕ್ಕೆ ಜೊತೆಯಾಗಿ ಬಂದವಳನ್ನು ಇಲ್ಲಿಂದ ಹೇಗೆ ಕರೆದುಕೊಂಡು ಹೋಗಲಿ, ಭಾವನ ಎದುರು ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಅಂತ ಭಯವಾಗಿತ್ತು. ಲಾನ್ ಹುಡುಕಿಕೊಂಡು ಬಂದಳು. ಸಮಾಧಾನ ಹೇಳಲು ನಮಗಿಬ್ಬರಿಗೂ ಭಾಷೆ ಇರಲಿಲ್ಲ. ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರಿದಳು. ಅಳು ಮುಗಿಯುವವರೆಗೂ ಕೂತಿದ್ದು, ಆಮೇಲೆ ರೆಟ್ಟೆ ಹಿಡಿದು ಎಬ್ಬಿಸಿದಳು.

ವಾರ್ಡಿಗೆ ಬಂದರೆ ಎದುರು ಹಾಸಿಗೆಯ ಅಜ್ಜಿ ಅಕ್ಕನ ಅಂಗಾಲಿಗೆ ಯಾವುದೋ ಹಸಿರು ಎಣ್ಣೆ ಹಾಕಿ ತಿಕ್ಕುತ್ತಿದ್ದಳು. ನೀಲಗಿರಿ ತೈಲದಂಥ ವಾಸನೆ. ನರ್ಸು ನಡೆಸಿ, ನಡೆಸಿ ಅಂತ ಕೈಸನ್ನೆ ಮಾಡಿದಳು. ಅಕ್ಕ ನೋವಿಗೆ ಏಳಲೊಲ್ಲಳು. ಲಾನ್ ಒಂದು ಕಡೆ, ನಾನು ಒಂದು ಕಡೆ ಹೆಗಲು ಕೊಟ್ಟೆವು. ಸಲೈನ್ ಬಾಟಲು ಹಿಡಿಯಲು ಮತ್ತೊಬ್ಬರು ಬಂದರು. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಹೋಗಿ ಬಂದು, ಹೋಗಿ ಬಂದು, ನಾನು ಸುಸ್ತಾದರೆ ನನ್ನ ಜಾಗಕ್ಕೆ ಇನ್ಯಾರೋ. ಅಕ್ಕನ ಹೆಗಲು ಮಾತ್ರ ಒಂದು ಗಳಿಗೆಯೂ ಬರಿದಾಗಲಿಲ್ಲ. ಬಾಗಿಲುಗಳಿಂದ ಜನ ಇಣುಕಿ ನೋಡುತ್ತಾ ಕಣ್ಣಲ್ಲೇ ‘ಆಯಿತಾ?’ ಅಂತ ಕೇಳುತ್ತಿದ್ದರು. ಇಲ್ಲ ಅಂತ ಲಾನ್ ತಲೆಯಾಡಿಸುತ್ತಿದ್ದಳು.

ಕಿಟಕಿಯ ಹತ್ತಿರ ಅಕ್ಕ ತಟ್ಟನೆ ನಿಂತಳು. ಆ ಶಬ್ದ ನಮಗೆಲ್ಲರಿಗೂ ಕೇಳಿಸಿತು. ನಾಲ್ಕು ಜನ ಕೇಳುವಷ್ಟಲ್ಲ, ಇಡೀ ಕಾರಿಡಾರಿಗೆ ಕೇಳುವಷ್ಟು. ಆಮೇಲೆ ಲಾನ್ ವಾರ್ಡಿನ ಕಡೆ ತಿರುಗಿ ಕೂಗಿ ಹೇಳಿದಳು, ಒಳಗಿಂದ ಚಪ್ಪಾಳೆಯೋ ಚಪ್ಪಾಳೆ. ಪೈಜಾಮದ ಮುದುಕರು ಮಲಗಿದಲ್ಲಿಂದಲೇ ಮಂಚ ಬಡಿದರು. ನಾನು ನಗುತ್ತಾ ಅಳುತ್ತಾ ಲಾನ್‌ಳನ್ನು ತಬ್ಬಿಕೊಂಡೆ.

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. “ದೇಸಾಂತರ ಬಂದು ಮಾನ ಕಳ್ಕಂಡೆ ಕಣಮ್ಮಿ. ಊರಲ್ಲಿ ಏಳ್ಬ್ಯಾಡ.”

ಹೇಳಬೇಡ ಅಂದಿದ್ದನ್ನು ಬರೆಯುತ್ತಿದ್ದೇನೆ. ಅಕ್ಕ ಕ್ಷಮಿಸುತ್ತಾಳೆ. ನಾನು ಕಂಡ ವಿಯೆಟ್ನಾಮ್ ಅಂದರೆ ಅದೇ ಕಾರಿಡಾರು, ಅದನ್ನು ಬಿಟ್ಟು ಇನ್ನೇನು ಬರೆಯಲಿ? ಆ ಸಂಜೆ ಅಕ್ಕ ಲಾನ್ ಕೈಯಿಂದಲೇ ಗಂಜಿಯ ತಿಳಿ ಕುಡಿದಳು. ಔಷಧಿಯಿಂದ ವಾಸಿಯಾಯಿತು, ನಿಜ. ಡಾಕ್ಟರಿಗೆ ನನ್ನ ದೊಡ್ಡ ನಮಸ್ಕಾರ. ಆದರೆ ಔಷಧಿ ತಾಗಲು ಮನುಷ್ಯರು ಬೇಕು ಅನ್ನುವುದನ್ನು ನನಗೆ ಇನ್ನು ಯಾರೂ ಹೊಸದಾಗಿ ಹೇಳಬೇಕಿಲ್ಲ.

ಹೊರಡುವ ದಿನ

ನಮಗೆ ಊರಿಗೆ ಹೊರಡಲು ಅಪ್ಪಣೆ ಸಿಕ್ಕಿದ ದಿನವೇ ಲಾನ್ ತಾಯಿಯನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು. ವಿಮಾನ ಸಂಜೆಗೆ. ನಮ್ಮ ಗಾಡಿ ಕೆಳಗೆ ಬಂದು ನಿಂತಿತ್ತು. ಲಾನ್ ಆಪರೇಷನ್ ಕೋಣೆಯ ಹೊರಗೆ ಚಾಪೆ ಹಾಸಿಕೊಂಡು ಕೂತಿದ್ದಳು. ಹೋಗಿಬರುತ್ತೇವೆ ಅಂತ ಹೇಳಲು ಹೋದವರು ನಾವು. ಅಕ್ಕ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಅವಳ ಪಕ್ಕ ಕೂತುಬಿಟ್ಟಳು.

“ಅಕ್ಕ, ಗಾಡಿ ಕಾಯ್ತಾ ಅದೆ” ಅಂದೆ.

“ಕಾಯ್ಲಿ ಬುಡು. ನನ್ನ ಒಳಗೆ ಕರ್ಕ ಓಗಿದ್ದಾಗ ಆಚೆ ನೀನೊಬ್ಳೆ ಕೂತಿದ್ದೆ ಅಲ್ವಾ? ಎಂಗಿತ್ತು ಏಳು.”

ನಾನೂ ಕೂತೆ. ತುವಾನ್‌ಗೆ ಫೋನ್ ಮಾಡಿ ಡ್ರೈವರಿಗೆ ಸ್ವಲ್ಪ ಹೊತ್ತು ನಿಲ್ಲಲು ಹೇಳಿಸಿದೆ. ಲಾನ್ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೂಗಿನ ತುದಿ ಕೆಂಪಾಗಿತ್ತು, ಅಂಗಿಯ ಅಂಚಿನ ಒಂದು ದಾರವನ್ನು ಎಳೆದು ಎಳೆದು ಬೆರಳಿಗೆ ಸುತ್ತುತ್ತಿದ್ದಳು. ಬೇರೆ ಯಾರೇ ಆಗಿದ್ದರೂ ಹೊಲಿಗೆ ಬಿಚ್ಚುತ್ತದೆ ಅಂತ ಕೈಗೆ ಹೊಡೆಯುತ್ತಿದ್ದೆ. ಅವಳ ಇನ್ನೊಂದು ಕೈಯನ್ನು ಹಿಡಿದುಕೊಂಡೆ.

ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದರು. ಮೂವರೂ ಎದ್ದು ನಿಂತೆವು. ನಮ್ಮ ಸೀರೆಗಳನ್ನೂ ವಿಭೂತಿಯನ್ನೂ ನೋಡಿ ಅವರು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಮೂವರಿಗೂ ಸೇರಿಸಿಯೇ ಹೇಳಿದರು. ಅವರ ಮಾತು ತಿಳಿಯದಿದ್ದರೂ ಮುಖದಲ್ಲಿ ನಗುವಿತ್ತು. ತಾಯಿ ಚೆನ್ನಾಗಿದ್ದಳು.

ಅಷ್ಟು ದಿನವೂ ಒಂದು ಹನಿ ಕಣ್ಣೀರು ಹಾಕದಿದ್ದ ಲಾನ್ ಆಗ ಕುಸಿದು ಕೂತು ಮಗುವಿನ ಹಾಗೆ ಅತ್ತಳು. ಅಕ್ಕ ಬಗ್ಗಲಾರದೆ ಬಗ್ಗಿ, ಸೆರಗಿನಿಂದ ಅವಳ ಮುಖ ಒರೆಸಿದಳು. “ಅತ್ಬುಡು ಕಣವ್ವ, ಅತ್ಬುಡು. ನಾವಿಲ್ವಾ?”

ನಾವಿಲ್ವಾ. ನಮ್ಮ ಕಡೆ ಸಾವಿಗೂ ನೋವಿಗೂ ಇದೊಂದೇ ಮಾತು. ಇನ್ನೊಂದು ಗಳಿಗೆಯಲ್ಲಿ ನಾವು ಅಲ್ಲಿ ಇರುವುದಿಲ್ಲ ಅಂತ ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕನ್ನಡದ ಒಂದಕ್ಷರ ಬಾರದ ಲಾನ್ ಮಾತ್ರ ಹೌದು ಹೌದು ಅಂತ ತಲೆಯಾಡಿಸುತ್ತಿದ್ದಳು. ಕೆಳಗಿನಿಂದ ಡ್ರೈವರ್ ಹಾರನ್ ಹಾಕಿದ. ಅಕ್ಕನ ತೋಳು ಹಿಡಿದುಕೊಂಡು ಹೆಜ್ಜೆಯಿಟ್ಟೆ, ಹಿಂದೆ ನೋಡಬಾರದು ಅಂದುಕೊಂಡೇ ಲಿಫ್ಟಿನವರೆಗೆ ಹೋದೆ.

ಲಿಫ್ಟಿನ ಬಾಗಿಲು ಮುಚ್ಚುವ ಮುಂಚೆ ತಡೆಯಲಾರದೆ ನೋಡಿಯೇಬಿಟ್ಟೆ. ನಾವು ಎದ್ದು ಬಂದ ಜಾಗದಲ್ಲಿ ಎದುರು ಹಾಸಿಗೆಯ ಅಜ್ಜಿ ಚಪ್ಪಲಿ ಬಿಟ್ಟು, ಲಾನ್ ಪಕ್ಕ ಚಾಪೆಯ ಮೇಲೆ ಕೂರುತ್ತಿದ್ದಳು.